ಅಗಿದು ತಿಂದ ಮುದ್ದೆ

ಮುದ್ದೆಯನ್ನು ಅಗಿದು ತಿನ್ನುವವರನ್ನು ಸುಬ್ಬಮ್ಮ ಮನುಷ್ಯರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ. ತುತ್ತು ಮುರಿ, ಸಾರಿನಲ್ಲಿ ಹೊರಳಿಸು, ಬಾಯಿಗಿಟ್ಟು ನುಂಗು. ಹಲ್ಲಿಗೆ ಅಲ್ಲೇನು ಕೆಲಸ? ಮಗ ಕೀರ್ತಿರಾಜನ ಮದುವೆಗೆ ಬಂದಿದ್ದ ನೆಂಟನೊಬ್ಬ ಮುದ್ದೆಯನ್ನು ಚಪಾತಿಯ ಹಾಗೆ ಅಗಿಯುತ್ತಾ ಕೂತಿದ್ದನ್ನು ಹೊಳೆನರಸೀಪುರದ ಅರ್ಧ ಊರಿಗೆ ಹೇಳಿಕೊಂಡು ನಕ್ಕಿದ್ದಳು. ಅಂಥವಳಿಗೆ ಅರವತ್ತೆರಡನೆಯ ವಯಸ್ಸಿನಲ್ಲಿ, ಒಂದು ಮಧ್ಯಾಹ್ನ, ನೆಲ್ಲಿಕಾಯಿ ಗಾತ್ರದ ತುತ್ತು ಎದೆಯ ನಡುವೆ ನಿಂತುಬಿಟ್ಟಿತು. ನೀರು ಕುಡಿದಳು, ನೀರೂ ವಾಪಸು ಬಂತು. ಬಗ್ಗಿದಳು, ಎದೆ ಗುದ್ದಿಕೊಂಡಳು, ಕೊನೆಗೆ ಬಚ್ಚಲಿಗೆ ಹೋಗಿ ಬೆರಳು ಹಾಕಿ ಕಕ್ಕಿದ ಮೇಲೆ ಉಸಿರು ನೆಟ್ಟಗಾಯಿತು. ಗೋಡೆಗೆ ಒರಗಿ ಕೂತವಳಿಗೆ ಡಾಕ್ಟರು ನೆನಪಾಗಲಿಲ್ಲ, ಮಾರಮ್ಮನೂ ನೆನಪಾಗಲಿಲ್ಲ. ಸೊಸೆ ನೆನಪಾದಳು.

“ಮತ್ತೆ ಹಾಕ್ಬುಟ್ಲು” ಎಂದುಕೊಂಡಳು.

ಹಾಕುವುದೆಂದರೆ ಮದ್ದು ಹಾಕುವುದು. ಊಟದಲ್ಲಿ ಬೆರೆಸಿ ಕೊಟ್ಟ ಮದ್ದು ಹೊಟ್ಟೆಯಲ್ಲಿ ಅಂಟಿಕೊಂಡು ಕೂತು, ತಿಂದವರನ್ನು ದಿನದಿನಕ್ಕೆ ಒಣಗಿಸುತ್ತದೆ ಎಂದು ಸುಬ್ಬಮ್ಮ ಎದೆಹಾಲಿನ ಜೊತೆಗೇ ಕಲಿತಿದ್ದಳು. ಅವಳ ತವರಿನ ಬೀದಿಯಲ್ಲಿ ‘ಮದ್ದಿನ ಮನೆ’ ಎಂದು ಹೆಸರು ಬಿದ್ದ ಮನೆಯೊಂದಿತ್ತು. ಆ ಮನೆಯಲ್ಲಿ ಯಾರೂ ಒಂದು ಲೋಟ ನೀರು ಕುಡಿಯುತ್ತಿರಲಿಲ್ಲ. ಆ ಮನೆಯ ಹುಡುಗಿಯರನ್ನು ಯಾರೂ ಸೊಸೆಯಾಗಿ ತರುತ್ತಿರಲಿಲ್ಲ. ಅವರು ಮದ್ದು ಹಾಕಿದ್ದನ್ನು ಕಣ್ಣಾರೆ ಕಂಡವರು ಮಾತ್ರ ಒಬ್ಬರೂ ಇರಲಿಲ್ಲ. ಇಂಥ ವಿಷಯಕ್ಕೆ ಸಾಕ್ಷಿ ಕೇಳುವ ಪದ್ಧತಿ ನಮ್ಮ ಜನರಲ್ಲಿ ಎಲ್ಲಿದೆ? ಅಂದವರದ್ದೇ ಮಾತು, ನಂಬಿದವರದ್ದೇ ತೀರ್ಪು. ಆ ಮನೆಯವರು ಕೊನೆಗೆ ಮನೆ ಮಾರಿ ಊರು ಬಿಟ್ಟರು.

ಸೊಸೆ ಭಾನುಪ್ರಿಯಾಳ ಮೇಲೆ ಸುಬ್ಬಮ್ಮ ಕೂಡಿಹಾಕಿದ್ದ ಪುರಾವೆಗಳೂ ಇಂಥವೇ. ಭಾನು ಚನ್ನರಾಯಪಟ್ಟಣದ ಹುಡುಗಿ; ಅವಳ ತಂದೆ ಬೌದ್ಧರಾಗಿ ಇಪ್ಪತ್ತು ವರ್ಷವಾಗಿತ್ತು. ಬುದ್ಧನ ಫೋಟೋದ ಮುಂದೆ ಮದುವೆಯಾಗಿ ಬಂದವಳು ಮಾರಮ್ಮನಿಗೆ ಕೈಮುಗಿಯುತ್ತಿರಲಿಲ್ಲ. ದೇವರಿಗೇ ಹೆದರದವಳು ಅತ್ತೆಗೆ ಹೆದರುತ್ತಾಳೆಯೇ? ಹಾಸನದ ಗಾರ್ಮೆಂಟ್ಸಿಗೆ ಬೆಳಗಿನ ರೈಲು ಹಿಡಿಯಬೇಕೆಂದು ಅತ್ತೆ ಏಳುವ ಮೊದಲೇ ಮುದ್ದೆ, ಸಾರು ಮಾಡಿ ಹಾಟ್‌ಬಾಕ್ಸಿಗೆ ಹಾಕಿ, ಪಾತ್ರೆಯನ್ನೂ ತೊಳೆದಿಟ್ಟು ಹೋಗುತ್ತಿದ್ದಳು. ಪಾತ್ರೆ ತೊಳೆಯುವ ಆತುರವೇಕೆ? ಎಲ್ಲಕ್ಕಿಂತ ಹೆಚ್ಚಾಗಿ ಆ ಫೋನು. ದಿನಾ ಮಧ್ಯಾಹ್ನ ಒಂದು ಗಂಟೆಗೆ, ಊಟದ ಬಿಡುವಿನಲ್ಲಿ, ಭಾನು ಫೋನ್ ಮಾಡಿ ಊಟ ಆಯಿತೇ ಎಂದು ಕೇಳುತ್ತಿದ್ದಳು. ಅತ್ತೆ ಉಂಡಳೋ ಇಲ್ಲವೋ ಎಂದು ಅಷ್ಟು ವಿಚಾರಿಸಿಕೊಳ್ಳಬೇಕಾದರೆ ಊಟದಲ್ಲಿ ಏನೋ ಇರಲೇಬೇಕು ಎಂದು ಸುಬ್ಬಮ್ಮ ತೀರ್ಮಾನಿಸಿದ್ದಳು.

‘ಮತ್ತೆ’ ಎನ್ನುವುದಕ್ಕೂ ಕಾರಣವಿತ್ತು. ಮೂರು ತಿಂಗಳ ಹಿಂದೆ ಅವಳಿಗೆ ಉಂಡ ಮೇಲೆ ಎದೆಯುರಿ, ಹುಳಿತೇಗು ಶುರುವಾಗಿತ್ತು. ವಯಸ್ಸಾದವರಿಗೆ, ಅದರಲ್ಲೂ ಹಸಿಮೆಣಸಿನಕಾಯಿ ನಂಚಿಕೊಂಡು ಉಣ್ಣುವವರಿಗೆ, ಬರುವಂಥದ್ದೇ. ಸುಬ್ಬಮ್ಮ ಮಾತ್ರ ರಾಮನಾಥಪುರಕ್ಕೆ ಹೊಳೆಸ್ನಾನಕ್ಕೆ ಹೋಗುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ, ಅರಕಲಗೂಡಿನಲ್ಲೇ ಬಸ್ಸಿಳಿದು, ಆಟೋ ಹತ್ತಿ ಒಂದು ಹಳ್ಳಿಗೆ ಹೋದಳು. ಅಲ್ಲಿ ಪಾಪಯ್ಯ ಎಂಬುವನು ಮದ್ದು ತೆಗೆಯುತ್ತಿದ್ದ. ಅವನು ಅವಳ ಅಂಗೈಗೆ ಯಾವುದೋ ಸೊಪ್ಪಿನ ಹಸಿರು ರಸ ಬಿಟ್ಟು, ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದ. ಸ್ವಲ್ಪ ಹೊತ್ತಿಗೆ ರಸ ಲೋಳೆಗಟ್ಟಿ, ಅಂಗೈ ಮಗುಚಿದರೂ ಬೀಳದಷ್ಟು ಗಟ್ಟಿಯಾಯಿತು. ಮದ್ದಿರುವವರ ಕೈಯಲ್ಲಿ ಮಾತ್ರ ಹೀಗಾಗುತ್ತದೆ ಎಂದ. ಮನೆಯಲ್ಲಿ ಅಡಿಗೆ ಮಾಡುವವರು ಯಾರು ಎಂದು ಕೇಳಿದ. ಸೊಸೆ ಎಂದಾಗ ಇನ್ನೇನೂ ಕೇಳದೆ ತಲೆಯಾಡಿಸಿದ. ಆಮೇಲೆ ಒಂದು ಲೋಟ ನೀಲಿ ನೀರು ಕುಡಿಸಿದ. ಬಾಯಿಂದ ಹೊಟ್ಟೆಯವರೆಗೆ ಬೆಂಕಿ ಹೊತ್ತಿಕೊಂಡ ಹಾಗಾಯಿತು. ಅವಳು ಕಕ್ಕಿದ್ದರಲ್ಲಿ ಪಾಪಯ್ಯ ಕಡ್ಡಿಯಾಡಿಸಿ, ಕಪ್ಪನೆಯ ಉಂಡೆಯೊಂದನ್ನು ಎತ್ತಿ ತೋರಿಸಿದ. ಅದು ಎಲ್ಲಿಂದ ಬಂತೆಂದು ಅವಳು ಕೇಳಲಿಲ್ಲ. ವಾರ ಕಳೆದರೂ ಎದೆ ಉರಿಯುತ್ತಲೇ ಇತ್ತು. ಮದ್ದಿನ ಬೇರು ಸಾಯುವಾಗ ಹಾಗೆಯೇ ಎಂದು ಪಾಪಯ್ಯ ಮೊದಲೇ ಹೇಳಿ ಕಳಿಸಿದ್ದ.

ಹೀಗೆ ಒಮ್ಮೆ ತೆಗೆಸಿದ್ದ ಮದ್ದನ್ನು ಸೊಸೆ ಮತ್ತೆ ಹಾಕಿದ್ದಾಳೆ ಎಂದು ಅವಳು ನಂಬಿದಳು. ಮುದ್ದೆ ನಿಂತಿತು. ಆಮೇಲೆ ಅನ್ನ ನಿಂತಿತು. ಇಡ್ಲಿಯನ್ನು ಹಾಲಿನಲ್ಲಿ ಕಿವುಚಿ ತಿಂದರೂ ಎದೆಯ ನಡುವೆ ಕೂತು ಸತಾಯಿಸುತ್ತಿತ್ತು. ರವಿಕೆ ಭುಜದಿಂದ ಜಾರತೊಡಗಿತು. ಗಂಜಿಯೂ ಇಳಿಯದ ದಿನ ಕೀರ್ತಿರಾಜ ಗೊರೂರಿನ ನೀರಾವರಿ ಆಫೀಸಿಗೆ ರಜೆ ಹಾಕಿ ತಾಯಿಯನ್ನು ಹಾಸನದ ಆಸ್ಪತ್ರೆಗೆ ಕರೆದೊಯ್ದ. ಭಾನುವೂ ಕೆಲಸಕ್ಕೆ ಹೋಗದೆ ಜೊತೆಗೆ ಬಂದಳು. ತನ್ನ ಕೈಚಳಕ ಎಲ್ಲಿಯವರೆಗೆ ಬಂತೆಂದು ನೋಡಲು ಬಂದಿದ್ದಾಳೆ ಎಂದುಕೊಂಡು ಸುಬ್ಬಮ್ಮ ದಾರಿಯುದ್ದಕ್ಕೂ ಕಿಟಕಿಯ ಕಡೆಗೇ ಮುಖ ಹಾಕಿದ್ದಳು.

ಡಾಕ್ಟರ್ ಜಯಂತ್ ಮೆಲುದನಿಯ ಮನುಷ್ಯ. ಬಾಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡಿದರು, ಒಳಗಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಎರಡು ದಿನದ ಮೇಲೆ ಕರೆದು, ಕ್ಯಾನ್ಸರ್ ಅಲ್ಲ ಎಂದು ಮೊದಲು ಹೇಳಿ, ಹಾಳೆಯ ಮೇಲೆ ಅನ್ನನಾಳದ ಚಿತ್ರ ಬರೆದರು. ನಡುವಿನಲ್ಲಿ ಅದು ಕುಗ್ಗಿ, ಪೆನ್ಸಿಲ್ ತೂರುವಷ್ಟೂ ಜಾಗ ಉಳಿದಿರಲಿಲ್ಲ. ಅಲ್ಲಿಗೆ ಪುಟ್ಟ ಬಲೂನು ಇಳಿಸಿ, ನೀರು ತುಂಬಿ ಉಬ್ಬಿಸಿ, ದಾರಿ ಅಗಲ ಮಾಡಬೇಕೆಂದರು. ಗಾಯದ ಕಲೆ ಮತ್ತೆ ಕುಗ್ಗುವ ಗುಣದ್ದು, ಆದ್ದರಿಂದ ಎರಡೆರಡು ವಾರಕ್ಕೆ ಮೂರ್ನಾಲ್ಕು ಸಲ ಮಾಡಬೇಕಾಗಬಹುದು ಎಂದೂ ಹೇಳಿದರು. ಸುಬ್ಬಮ್ಮನ ಕಿವಿಗೆ ಬಲೂನಿನ ನಂತರದ್ದು ಬೀಳಲಿಲ್ಲ. ಹುಟ್ಟುಹಬ್ಬಕ್ಕೆ ಕಟ್ಟುವ ಬಲೂನು ತನ್ನ ಎದೆಯಲ್ಲಿ ಢಂ ಎನ್ನುವುದನ್ನೇ ಅವಳು ಊಹಿಸಿಕೊಳ್ಳುತ್ತಿದ್ದಳು.

ಆಗ ಡಾಕ್ಟರು ಕೇಳಿದರು: “ಇದು ಸುಟ್ಟಿರೋ ಗಾಯ ಅಮ್ಮ. ಎರಡು ಮೂರು ತಿಂಗಳ ಹಿಂದೆ ಏನಾದ್ರೂ ಕುಡಿದಿದ್ರಾ? ಆಸಿಡ್ಡು, ಸುಣ್ಣ, ಬೆಳೆಗೆ ಹೊಡೆಯೋ ಔಷಧಿ, ಅಂಥದ್ದು?”

ನೀಲಿ ನೀರು ಅವಳಿಗೆ ನೆನಪಾಯಿತು. ಆದರೆ ಅದು ಮದ್ದು ತೆಗೆದ ಔಷಧಿ, ಅದೇಕೆ ಸುಡುತ್ತದೆ? ಮೇಲಾಗಿ ಹೇಳಿದರೆ ಹೊಳೆಸ್ನಾನದ ಸುಳ್ಳು ಹೊರಬಿದ್ದು, ಮಗ ಎಲ್ಲರೆದುರಿಗೆ ಬಯ್ಯುತ್ತಾನೆ. ಅವಳು ಬಾಯಿ ಬಿಡಲಿಲ್ಲ. ಬಿಡದೆ, ಬಾಗಿಲ ಹತ್ತಿರ ನಿಂತಿದ್ದ ಸೊಸೆಯ ಮುಖವನ್ನು ನೋಡಿದಳು. ಆ ನೋಟವನ್ನು ಡಾಕ್ಟರೂ ನೋಡಿದರು.

ಮಗ, ಸೊಸೆ ಇಬ್ಬರನ್ನೂ ಹೊರಗೆ ಕಳಿಸಿ, ಮನೆಯಲ್ಲಿ ಯಾರ ಮೇಲಾದರೂ ಅನುಮಾನವಿದೆಯೇ ಎಂದು ಕೇಳಿದರು.

“ನಾನೇನ್ ಯೋಳ್ಲಿ ಸಾ. ಅಡಿಗೆ ಮಾಡಾದು ಅವ್ಳು, ಉಣ್ಣಾದು ನಾನು.”

ಡಾಕ್ಟರು ಪೆನ್ನು ಕೆಳಗಿಟ್ಟರು. ಹೀಗಾದರೆ ಪೊಲೀಸರಿಗೆ ತಿಳಿಸಲೇಬೇಕು, ಅದು ನಿಯಮ ಎಂದರು. ತಿಳಿಸಲಿ ಎಂದುಕೊಂಡಳು ಸುಬ್ಬಮ್ಮ. ತಾನೇನು ಸುಳ್ಳು ಹೇಳಿದ್ದೇನೆಯೇ? ಅಡಿಗೆ ಅವಳು ಮಾಡುವುದು ನಿಜ, ತಾನು ಉಣ್ಣುವುದೂ ನಿಜ. ಇಷ್ಟು ದಿನ ಒಬ್ಬಳೇ ಹೊತ್ತಿದ್ದ ಅನುಮಾನಕ್ಕೆ ಓದಿದವರ ಹೆಗಲೂ ಸಿಕ್ಕಿದ್ದು ಅವಳಿಗೆ ಒಳಗೊಳಗೇ ಹಿತವಾಗಿತ್ತು.

ಬಲೂನು ಹಾಕುವ ಬೆಳಿಗ್ಗೆ ಒಪ್ಪಿಗೆಯ ಕಾಗದ ಬಂದಾಗ ಕೀರ್ತಿರಾಜ ಔಷಧಿ ತರಲು ಕೆಳಗೆ ಹೋಗಿದ್ದ. ಭಾನು ಕಾಗದವನ್ನು ಪೂರ್ತಿ ಓದಿದಳು. ನೂರಕ್ಕೆ ಒಬ್ಬರಿಗೆ ಅನ್ನನಾಳದಲ್ಲಿ ತೂತು ಬೀಳಬಹುದು ಎಂಬ ಸಾಲಿನ ಮೇಲೆ ಬೆರಳಿಟ್ಟು, ಹಾಗಾದರೆ ಏನು ಮಾಡುತ್ತೀರಿ ಎಂದು ನರ್ಸನ್ನು ಎರಡು ಸಲ ಕೇಳಿದಳು. ಉತ್ತರ ಕೇಳಿಸಿಕೊಂಡು ಸಹಿ ಹಾಕಿದಳು. ಸುಬ್ಬಮ್ಮನ ಕಣ್ಣಿಗೆ ಬಿದ್ದದ್ದು ಆ ಸಹಿ ಮಾತ್ರ. ತೂತು ಬಿದ್ದರೂ ಪರವಾಗಿಲ್ಲವೆಂದು ಬರೆದುಕೊಟ್ಟಳು ಎಂದುಕೊಂಡಳು.

ಎಡಮಗ್ಗುಲಾಗಿ ಮಲಗಿಸಿದರು, ಗಂಟಲಿಗೆ ಕಹಿಯಾದದ್ದೇನನ್ನೋ ಚಿಮುಕಿಸಿದರು, ಹಲ್ಲಿನ ನಡುವೆ ಪ್ಲಾಸ್ಟಿಕ್ ಬಳೆಯಂಥದ್ದನ್ನು ಕಚ್ಚಿಸಿದರು. ಕೈಗೆ ಇಂಜೆಕ್ಷನ್ ಹೋದ ಮೇಲೆ ಎಲ್ಲವೂ ದೂರ ಸರಿಯಿತು. ಎದೆಯೊಳಗೆ ಯಾರೋ ಮುಷ್ಟಿ ಬಿಗಿಹಿಡಿದ ಹಾಗೆ, “ಒಂದು ನಿಮಿಷ ಅಷ್ಟೇ ಅಮ್ಮ” ಎಂದು ಯಾರೋ ಹೇಳಿದ ಹಾಗೆ ಅನ್ನಿಸಿತು. ಎಚ್ಚರವಾದಾಗ ಎಲ್ಲ ಮುಗಿದಿತ್ತು. ಬಲೂನು ಢಂ ಎಂದಿರಲಿಲ್ಲ. ಸಂಜೆ ಅರ್ಧ ಲೋಟ ನೀರು ಕೊಟ್ಟರು. ನೀರು ಗಂಟಲು ದಾಟಿತು, ಎದೆ ದಾಟಿತು, ಎಲ್ಲಿಯೂ ನಿಲ್ಲದೆ ತಣ್ಣಗೆ ಹೊಟ್ಟೆಗೆ ಹೋಗಿ ಕೂತಿತು. ಸುಬ್ಬಮ್ಮನಿಗೆ ಅಳು ಬಂತು. ಲೋಟ ಹಿಡಿದುಕೊಂಡಿದ್ದವಳು ಭಾನು ಎಂಬುದನ್ನು ಆ ಒಂದು ಗಳಿಗೆ ಅವಳು ಮರೆತಿದ್ದಳು.

ನಾಲ್ಕನೆಯ ದಿನ ಹೊಳೆನರಸೀಪುರದ ಮನೆಗೆ ಕಾನ್‌ಸ್ಟೇಬಲ್ ಮಂಜುನಾಥ ಬಂದ. ಜೋರು ಮಾಡುವ ಮನುಷ್ಯನಲ್ಲ. ಆದರೆ ಬೀದಿಯಲ್ಲಿ ಬೈಕು ನಿಲ್ಲಿಸಿ, ಅಡಿಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ಮೂಸಿ ನೋಡಿ, ಭಾನುವನ್ನು ಅರ್ಧ ಗಂಟೆ ಪ್ರಶ್ನೆ ಕೇಳಿ ಹೋದ. ಮುಂದಿನ ಸಲ ಬಲೂನಿಗೆ ಹಾಸನಕ್ಕೆ ಬಂದಾಗ ಅತ್ತೆ, ಸೊಸೆ ಇಬ್ಬರೂ ಡಾಕ್ಟರ ಮುಂದೆಯೇ ಹೇಳಿಕೆ ಕೊಡಬೇಕೆಂದ. ಅಷ್ಟು ಸಾಕಾಯಿತು. ಮಾರನೆಯ ದಿನ ಸಂಜೆ ಎದುರುಮನೆಯ ನಾಗಲಕ್ಷ್ಮಿ ಸುಬ್ಬಮ್ಮನನ್ನು ಮಾತಾಡಿಸಲು ಬಂದಳು. ಭಾನು ತಂದಿಟ್ಟ ಕಾಫಿಯನ್ನು ಮುಟ್ಟದೆ, ಹೊಟ್ಟೆ ಸರಿಯಿಲ್ಲ ಎಂದು ಲೋಟವನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿದಳು. ಮೂರು ವರ್ಷದಿಂದ ದಿನಾ ಸಂಜೆ ಆ ಕಾಫಿ ಕುಡಿದವಳು. ಭಾನು ಲೋಟ ಎತ್ತಿಕೊಂಡು ಒಳಗೆ ಹೋದಳು.

ಕೀರ್ತಿರಾಜ ಹೆಂಡತಿಯನ್ನು ಬಯ್ಯಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದ. ರಾತ್ರಿ ಊಟಕ್ಕೆ ಕೂತವನು ಸಾರನ್ನು ಒಂದು ಸಲ ಮೂಸಿ, ಆಮೇಲೆ ಕಲಸಿದ. ಅದನ್ನು ತಾಯಿಯೂ ಕಂಡಳು, ಹೆಂಡತಿಯೂ ಕಂಡಳು. ಬೆಳಿಗ್ಗೆ ಭಾನು ಬ್ಯಾಗು ಹಿಡಿದು ಹೊರಟು ನಿಂತಿದ್ದಳು.

“ನಾನು ಪಟ್ಟಣಕ್ಕೆ ಓಗ್ತೀನಿ ಅತ್ತೆ. ನಾನಿಲ್ದೆ ಇರುವಾಗ ನಿಮ್ಗೆ ವಾಸಿ ಆದ್ರೆ, ತಪ್ಪು ನಂದೇ ಅನ್ಕೊಳಿ.”

ವಾಸಿಯಾಗಲೇಬೇಕಿತ್ತು. ಮದ್ದು ಹಾಕುವ ಕೈ ಚನ್ನರಾಯಪಟ್ಟಣ ಸೇರಿತ್ತು. ಸುಬ್ಬಮ್ಮ ತಾನೇ ಗಂಜಿ ಕಾಯಿಸಿದಳು, ತಾನೇ ಬೇಳೆ ಬೇಯಿಸಿ ಮಸೆದಳು. ನಾಲ್ಕು ದಿನ ಸಲೀಸಾಗಿ ಇಳಿಯಿತು. ನೋಡಿದೆಯಾ ಎಂದು ಮಗನಿಗೆ ಕಣ್ಣಿನಲ್ಲೇ ಹೇಳಿದಳು. ಐದನೆಯ ದಿನ ರಾಗಿ ಅಂಬಲಿ ಎದೆಯಲ್ಲಿ ನಿಂತಿತು. ಹೋಗುವ ಮೊದಲು ಹಿಟ್ಟಿನ ಡಬ್ಬಿಗೇ ಬೆರೆಸಿ ಹೋಗಿದ್ದಾಳೆ ಎಂದು ಹಿಟ್ಟನ್ನೆಲ್ಲ ಚರಂಡಿಗೆ ಸುರಿದಳು. ಹೊಸ ರಾಗಿ ತಂದು, ಮಿಲ್ಲಿನಲ್ಲಿ ಬೀಸುವಾಗ ಕಣ್ಣು ಕೀಳದೆ ಎದುರಿಗೇ ನಿಂತಿದ್ದು, ಹಿಟ್ಟನ್ನು ಮಡಿಲಲ್ಲಿಟ್ಟುಕೊಂಡು ಬಂದಳು. ಅದರ ಅಂಬಲಿಯೂ ಎರಡು ದಿನದ ಮೇಲೆ ಎದೆಯಲ್ಲಿ ತಡೆದು ತಡೆದು ಇಳಿಯತೊಡಗಿತು. ಡಾಕ್ಟರು ಮತ್ತೆ ಕುಗ್ಗುತ್ತದೆ ಎಂದು ಹೇಳಿದ್ದರಲ್ಲ ಎಂದ ಕೀರ್ತಿರಾಜ. ಅವಳು ಅದನ್ನು ಕೇಳಿಸಿಕೊಂಡೇ ಇರಲಿಲ್ಲ.

ಈಗ ಯಾರನ್ನು ಅನುಮಾನಿಸಬೇಕೆಂದು ಅವಳಿಗೆ ತೋಚಲಿಲ್ಲ. ನಾಗಲಕ್ಷ್ಮಿ ತಂದ ಮಜ್ಜಿಗೆಯನ್ನೇ? ಮಿಲ್ಲಿನವನನ್ನೇ? ಹೊತ್ತು ಕಳೆಯುವುದೂ ಕಷ್ಟವಾಗಿತ್ತು. ಒಂದು ಗಂಟೆಗೆ ಕೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು. ಅದು ರಿಂಗಾಗುತ್ತಿರಲಿಲ್ಲ.

ಕೊನೆಗೆ ಪಾಪಯ್ಯನ ಪರೀಕ್ಷೆಯನ್ನು ತಾನೇ ಮಾಡಿಕೊಳ್ಳೋಣವೆಂದು ಹಿತ್ತಿಲಿಗೆ ಹೋದಳು. ಅವನ ಬಟ್ಟಲಲ್ಲಿ ತೇಲುತ್ತಿದ್ದ ಎಲೆ ಅವಳಿಗೆ ಗುರುತು ಸಿಕ್ಕಿತ್ತು. ಬೇಲಿಯ ಮೇಲೆ ಹಬ್ಬುವ ದಾಗಡಿ ಬಳ್ಳಿ. ಒಂದು ಹಿಡಿ ಕಿತ್ತು, ನೀರು ಹಾಕಿ ಹಿಸುಕಿ, ಅಂಗೈಗೆ ರಸ ಬಿಟ್ಟುಕೊಂಡಳು. ಮಿಕ್ಕ ರಸ ಕೆಳಗಿದ್ದ ಸ್ಟೀಲ್ ತಟ್ಟೆಯಲ್ಲಿ ನಿಂತಿತು. ಸ್ವಲ್ಪ ಹೊತ್ತಿಗೆ ಅಂಗೈಯ ರಸ ಗಟ್ಟಿಯಾಯಿತು. ಇದೆ, ಮದ್ದು ಇನ್ನೂ ಇದೆ ಎಂದುಕೊಳ್ಳುತ್ತಾ ಕೈ ತೊಳೆಯಲೆಂದು ತಟ್ಟೆ ಎತ್ತಿದಳು. ತಟ್ಟೆಯ ರಸ ಅಲುಗಲಿಲ್ಲ. ಓರೆ ಮಾಡಿದಳು. ಮಗುಚಿದಳು. ಹಸಿರು ಲೋಳೆ ಅಂಟಿಕೊಂಡೇ ಇತ್ತು.

ತಟ್ಟೆಗೆ ಯಾರು ಮದ್ದು ಹಾಕಿದರು?

ಸುಬ್ಬಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಸೊಪ್ಪಿನ ಗುಣವೇ ಅದು. ಯಾರ ಕೈಗೆ ಬಿಟ್ಟರೂ ಗಟ್ಟಿಯಾಗುತ್ತದೆ, ಕೈಯೇ ಇಲ್ಲದಿದ್ದರೂ ಗಟ್ಟಿಯಾಗುತ್ತದೆ. ಪರೀಕ್ಷೆ ಸುಳ್ಳಾದರೆ ಮದ್ದು ಸುಳ್ಳು. ಮದ್ದು ಸುಳ್ಳಾದರೆ ಆ ಕಪ್ಪು ಉಂಡೆ ಪಾಪಯ್ಯನ ಕೈಯೊಳಗಿನದು. ಹಾಗಾದರೆ ಹೊಟ್ಟೆಯೊಳಗೆ ಹೋದದ್ದು ನಿಜವಾಗಿ ಒಂದೇ ಒಂದು, ಆ ನೀಲಿ ನೀರು. ಅದನ್ನು ಕುಡಿಸಿದವಳು ಸೊಸೆಯಲ್ಲ. ಸುಳ್ಳು ಹೇಳಿ, ಬಸ್ಸು ಹತ್ತಿ, ಕೇಳಿಕೊಂಡು ಹೋಗಿ ಕುಡಿದವಳು ತಾನೇ. ಅವಳಿಗೆ ಭಯವಾಯಿತು, ನಾಚಿಕೆಯಾಯಿತು, ಎಲ್ಲಕ್ಕಿಂತ ಮೊದಲು ತನ್ನ ತವರಿನ ಬೀದಿಯ ಆ ‘ಮದ್ದಿನ ಮನೆ’ ಕಣ್ಣಿಗೆ ಕಟ್ಟಿತು.

ಎರಡನೆಯ ಬಲೂನಿನ ದಿನ ಭಾನು ತನ್ನ ಅಣ್ಣ ಮೋಹನ್‌ಕುಮಾರನ ಜೊತೆ ಹಾಸನಕ್ಕೆ ಬಂದಿದ್ದಳು, ಹೇಳಿಕೆ ಕೊಡಲು. ಮಂಜುನಾಥ ಹಾಳೆ ತೆಗೆದು ಸಿದ್ಧವಾಗಿ ಕೂತಿದ್ದ. ಮಗ ಕೈಕಟ್ಟಿಕೊಂಡು ಕಿಟಕಿಯ ಹತ್ತಿರ ನಿಂತಿದ್ದ. ಸುಮ್ಮನಿದ್ದುಬಿಟ್ಟರೆ ತನ್ನ ಮಾನ ಉಳಿಯುತ್ತದೆ ಎಂದು ಸುಬ್ಬಮ್ಮನಿಗೆ ಗೊತ್ತಿತ್ತು. ಯಾರ ಮಾನ ಹೋಗುತ್ತದೆಂದೂ ಗೊತ್ತಿತ್ತು.

“ಅವ್ಳು ಕುಡ್ಸಿಲ್ಲ ಸಾ” ಎಂದಳು. “ನಾನೇ ಓಗಿ ಕುಡ್ದಿದ್ದು. ಅರಕಲಗೂಡ್ ತಾವ, ಮದ್ದು ತೆಗಿಯೋನತ್ರ. ನೀಲಿ ನೀರು.”

ಬಣ್ಣ ಹೇಗಿತ್ತು, ರುಚಿ ಹೇಗಿತ್ತು ಎಂದು ಡಾಕ್ಟರು ವಿಚಾರಿಸಿದರು. ಮೈಲುತುತ್ತವಿರಬಹುದು, ಕಕ್ಕಿಸುವುದಕ್ಕೆ ಕೊಡುತ್ತಾರೆ, ಒಳಗೆಲ್ಲ ಸುಡುತ್ತದೆ ಎಂದರು. ಭಾನುವಿನ ಕಡೆ ತಿರುಗಿ, ತಾವೂ ತಪ್ಪು ತಿಳಿದೆವೆಂದು ಹೇಳಿದರು. ಕೀರ್ತಿರಾಜ ತಲೆ ಎತ್ತಲಿಲ್ಲ. ಅವನಿಗೆ ನೆನಪಾದದ್ದು ಆ ಸಾರಿನ ತಟ್ಟೆಯಿರಬೇಕು.

ಭಾನು ಮಾತ್ರ ಅತ್ತೆಯನ್ನೇ ನೋಡುತ್ತಿದ್ದಳು. “ಹೊಳೆಸ್ನಾನಕ್ಕೆ ಓಗಿದ್ದು ಅಂದ್ರಲ್ಲ, ಅವತ್ತಾ?”

ಸುಬ್ಬಮ್ಮ ಹೌದೆಂದು ತಲೆಯಾಡಿಸಿದಳು.

“ಅವತ್ತಿನ ಸೀರೆ ಒಗ್ದಿದ್ದು ನಾನು. ಸೆರಗಲ್ಲಿ ನೀಲಿ ಕಲೆ ಇತ್ತು. ಮೂರ್ ಸಲ ಉಜ್ಜಿದ್ರೂ ಓಗ್ಲಿಲ್ಲ. ಕೇಳುದ್ರೆ ನಿಮ್ಗೆ ಬೇಜಾರಾದಾತು ಅಂತ ಕೇಳ್ಲಿಲ್ಲ ಅತ್ತೆ.”

ನರ್ಸು ಬಂದು ಸುಬ್ಬಮ್ಮನನ್ನು ಒಳಗೆ ಕರೆದೊಯ್ದಳು. ಈ ಸಲ ಕಾಗದಕ್ಕೆ ಸಹಿ ಹಾಕಿದವನು ಕೀರ್ತಿರಾಜ.

ಪೊಲೀಸರು ಹೋದಾಗ ಪಾಪಯ್ಯನ ಮನೆಗೆ ಬೀಗ ಬಿದ್ದಿತ್ತಂತೆ. ಭಾನುವಿನ ಮೇಲಿನ ಕೇಸು ಮುಚ್ಚಿತು. ಮೂರನೆಯ ಸಲದ ಬಲೂನಿಗೆ ದಾರಿ ಚೆನ್ನಾಗಿ ತೆರೆಯಿತು. ಇನ್ನು ಮುದ್ದೆ ತಿನ್ನಬಹುದು, ಆದರೆ ಮೆತ್ತಗೆ ಮಾಡಿ, ಚಿಕ್ಕ ಚಿಕ್ಕದಾಗಿ, ಚೆನ್ನಾಗಿ ಅಗಿದು ಎಂದರು ಡಾಕ್ಟರು. ಅಗಿದು ಎಂಬ ಮಾತನ್ನು ಎರಡು ಸಲ ಹೇಳಿದರು. ಕೀರ್ತಿರಾಜ ತಾನೇ ಚನ್ನರಾಯಪಟ್ಟಣಕ್ಕೆ ಹೋಗಿ, ಮಾವನ ಮನೆಯ ಜಗಲಿಯಲ್ಲಿ ಅರ್ಧ ದಿನ ಕೂತು, ಹೆಂಡತಿಯನ್ನು ಕರೆದುಕೊಂಡು ಬಂದ. ಬಂದವಳನ್ನು ಬೀದಿಯೆಲ್ಲ ಬಾಗಿಲ ಸಂದಿಯಿಂದ ನೋಡಿತು. ಪೊಲೀಸರ ಕೇಸು ಮುಚ್ಚಿದ್ದು ಬೀದಿಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದರೂ ಅಷ್ಟು ಸುಲಭಕ್ಕೆ ಬಿಡುವ ಬೀದಿಯೂ ಅಲ್ಲ.

ಆ ಭಾನುವಾರ ಮಧ್ಯಾಹ್ನ ಭಾನು ಮುದ್ದೆ ಕಟ್ಟಿದಳು, ಸೊಪ್ಪಿನ ಸಾರು ಮಾಡಿದಳು. ತಟ್ಟೆ ತಂದು ಅತ್ತೆಯ ಮುಂದಿಟ್ಟು, ಎದುರಿಗೇ ಕೂತಳು. ಮುದ್ದೆಯ ಅಂಚಿನಿಂದ ಒಂದು ಚೂರು ಮುರಿದು, ಸಾರಿನಲ್ಲಿ ಹೊರಳಿಸಿ, ತಾನು ನುಂಗಿದಳು. ಆಮೇಲೆ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. ಮುಖದಲ್ಲಿ ಕೋಪವಿರಲಿಲ್ಲ, ಕೊಂಕೂ ಇರಲಿಲ್ಲ. ಕೈ ತೊಳೆದ ಹಾಗೆ, ಮಾಡಲೇಬೇಕಾದ ಕೆಲಸವೊಂದನ್ನು ಮಾಡಿದ್ದಳು.

ಸುಬ್ಬಮ್ಮನಿಗೆ ಅತ್ತುಬಿಡಬೇಕೆನ್ನಿಸಿತು. ಅಳಲಿಲ್ಲ. ತಟ್ಟೆ ಎತ್ತಿಕೊಂಡು ಎದ್ದು ಹೊರಗೆ ನಡೆದಳು. ಜಗಲಿಯ ಮೇಲೆ, ಬೀದಿಗೆ ಎದುರಾಗಿ ಕೂತು, ಎದುರುಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ನಾಗಲಕ್ಷ್ಮಿಯನ್ನು ಕೂಗಿದಳು.

“ನೋಡ್ಕಳವ್ವ ನಾಗಲಕ್ಷ್ಮಿ. ನನ್ ಸೊಸೆ ಮಾಡಿದ್ ಮುದ್ದೆ. ನನ್ ಗಂಟ್ಲು ಸುಟ್ಟಿದ್ದು ಇದಲ್ಲ. ಮದ್ದು ತೆಗಿಸ್ತೀನಿ ಅಂತ ನಾನೇ ಓಗಿ ತುತ್ತದ್ ನೀರು ಕುಡ್ದು ಬಂದಿದ್ದೆ ಕಣವ್ವ.”

ಆಚೀಚೆಯ ಮನೆಗಳಿಂದ ಎರಡು ಮೂರು ತಲೆ ಹೊರಬಂದವು. ಸುಬ್ಬಮ್ಮ ಚಿಕ್ಕ ತುತ್ತು ಮುರಿದು ಬಾಯಿಗಿಟ್ಟು ಅಗಿಯತೊಡಗಿದಳು. ರಾಗಿ ಹಲ್ಲಿಗೆ ಅಂಟಿತು, ವಸಡಿಗೆ ಮೆತ್ತಿತು. ಯಾರೋ ಕಿಸಕ್ಕೆಂದು ನಕ್ಕದ್ದು ಕೇಳಿಸಿತು. ಅವಳು ಅಗಿಯುವುದನ್ನು ನಿಲ್ಲಿಸಲಿಲ್ಲ. ಅರ್ಧ ಮುದ್ದೆ ಮುಗಿಯಲು ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ನಾಗಲಕ್ಷ್ಮಿ ಮೊರ ಹಿಡಿದುಕೊಂಡು ನೋಡುತ್ತಲೇ ಇದ್ದು, ಆಮೇಲೆ ಒಳಗೆ ಹೋದಳು.

ಸಾರು ಮುಗಿದಿತ್ತು. ಸುಬ್ಬಮ್ಮ ಬೀದಿಗೆ ಕೇಳುವ ಹಾಗೆ ಸೊಸೆಯನ್ನು ಕರೆದು, ಇನ್ನೊಂದು ಸೌಟು ಬಿಡೆಂದಳು. ಭಾನು ಪಾತ್ರೆ ತಂದು ತಟ್ಟೆಗೆ ಸಾರು ಬಿಟ್ಟಳು. ಬಿಟ್ಟು, ಅಲ್ಲೇ ಕುಕ್ಕರಗಾಲಲ್ಲಿ ಕೂತು, ಉಳಿದ ಮುದ್ದೆಯಿಂದ ಮತ್ತೊಂದು ಚೂರು ಮುರಿದುಕೊಂಡಳು.

“ಬ್ಯಾಡ ಕಣವ್ವ” ಎಂದಳು ಸುಬ್ಬಮ್ಮ, ಬೀದಿಗೆ ಕೇಳದ ಹಾಗೆ.

“ಇರ್ಲಿ ಅತ್ತೆ.”

ಭಾನು ಚೂರನ್ನು ಸಾರಿನಲ್ಲಿ ಅದ್ದಿ ನುಂಗಿದಳು. ಅದು ಇಳಿಯುವವರೆಗೆ ಸುಬ್ಬಮ್ಮ ಕಾದಳು. ಆಮೇಲೆ ತಾನು ತಟ್ಟೆಗೆ ಕೈ ಹಾಕಿದಳು.